ವಸಂತಕ್ಕೆ ಕೈತುಂಬ ಕೆಲಸ

ನಮ್ಮ ಶಿರಸಿ ಸೀಮೆಗೆ ವಸಂತ ಬಂದದ್ದು ಮೊದಲು ತಿಳಿಯುವುದು ಅಂಗಳದಲ್ಲಿ. ಅಡಿಕೆ ಕೊಯ್ಲು ಮುಗಿದು, ಒಣಗಿದ ಚಾಲಿ ಗೋಣಿಚೀಲ ಸೇರಿ, ತಿಂಗಳುಗಟ್ಟಲೆ ಕಾಲಿಡಲು ಜಾಗವಿರದಿದ್ದ ಅಂಗಳ ಒಮ್ಮೆಗೇ ಖಾಲಿಯಾಗುತ್ತದೆ. ಹೊತ್ತು ಏರುವ ಮೊದಲು ಅದಕ್ಕೊಮ್ಮೆ ಸಗಣಿ ಸಾರಿಸಿದರೆ ಮುಂದಿನ ಕೆಲಸಕ್ಕೆ ಸಿದ್ಧ. ಅಷ್ಟು ಹೊತ್ತಿಗೆ ಬೇಣದ (ಹುಲ್ಲುಗಾವಲಿನ) ಅಂಚಿನ ಬೂರುಗದ ಮರ ಎಲೆಯೆಲ್ಲ ಉದುರಿಸಿ ಕೆಂಪು ಹೂ ಬಿಟ್ಟಿರುತ್ತದೆ, ಹಾಲವಾಣದ ಬೋಳು ಕೊಂಬೆಗಳಲ್ಲಿ ಮೈನಾಗಳ ಜಗಳ ಶುರುವಾಗಿರುತ್ತದೆ, ಮಾವಿನ ಹೂವಿನ ವಾಸನೆ ಜಗಲಿಯವರೆಗೂ ಬರುತ್ತದೆ. ಪಂಚಾಂಗದ ಚೈತ್ರಕ್ಕೆ ಆಗ ಇನ್ನೂ ದಿನಗಳಿರುತ್ತವೆ.

ಇಂಥ ಒಣಗಾಲದಲ್ಲಿ ಈ ಮರಗಳು ಯಾಕೆ ಹೂ ಬಿಡುತ್ತವೆ ಎಂದು ಚಿಕ್ಕವಳಿದ್ದಾಗ ನನಗೆ ಆಶ್ಚರ್ಯವಾಗುತ್ತಿತ್ತು. ಮಳೆಗಾಲದಲ್ಲಿ ನೀರು ಬೇಕಾದಷ್ಟಿದ್ದಾಗ ಸುಮ್ಮನಿದ್ದು, ಬಾವಿಯ ನೀರು ಇಳಿಯುವ ಹೊತ್ತಿಗೆ ಹೂ! ಆದರೆ ಮರದ ಲೆಕ್ಕ ಬೇರೆ. ಎಲೆ ಉದುರಿಸಿದರೆ ನೀರಿನ ಖರ್ಚು ಕಡಿಮೆ. ಬರಿಗೊಂಬೆಯ ಹೂ ಹಕ್ಕಿಗೂ ಜೇನಿಗೂ ದೂರದಿಂದಲೇ ಕಾಣುತ್ತದೆ. ಹೂ ಕಾಯಾಗಿ ಬೀಜ ಬಲಿಯುವ ಹೊತ್ತಿಗೆ ಜೂನ್ ತಿಂಗಳ ಮಳೆ ಹತ್ತಿರ ಬಂದಿರುತ್ತದೆ, ಬಿದ್ದ ಬೀಜಕ್ಕೆ ಹಸಿ ನೆಲ ಸಿಗುತ್ತದೆ. ಕಾಡು ಮಳೆಯನ್ನು ಲೆಕ್ಕಹಾಕಿಯೇ ಹೂ ಬಿಡುತ್ತದೆ. ನಮ್ಮ ಮನೆಗಳ ವಸಂತವೂ ಹಾಗೆಯೇ ನಡೆಯುತ್ತದೆ: ಮುಂದೆ ನಾಲ್ಕು ತಿಂಗಳು ಬಿಸಿಲು ಕಾಣುವುದಿಲ್ಲ, ಈಗ ಸಿಕ್ಕಿದ್ದನ್ನು ಈಗಲೇ ಕಟ್ಟಿ, ಕುಟ್ಟಿ, ಒಣಗಿಸಿ, ಉಪ್ಪಿನಲ್ಲಿ ಹಾಕಿ ಇಡಬೇಕು. ಹೂ ನೋಡಿ ಸಂತೋಷಪಡುವುದನ್ನು ನಾನೂ ಬಿಟ್ಟಿಲ್ಲ. ಆದರೆ ನನಗೆ ವಸಂತ ಪೂರ್ತಿ ದಕ್ಕಿತು ಅನ್ನಿಸುವುದು ಅದು ಬೆರಳಿಗೆ ಅಂಟಿಕೊಂಡಾಗ.

ಸುರಗಿಯಿಂದ ಶುರುಮಾಡುತ್ತೇನೆ, ಏಕೆಂದರೆ ಅದನ್ನು ಕಂಡವರು ಈಗ ಕಡಿಮೆಯಾಗುತ್ತಿದ್ದಾರೆ. ಪಶ್ಚಿಮಘಟ್ಟದ ಈ ಮರ ದಪ್ಪ ಹಸಿರು ಎಲೆಯದು, ದೂರದಿಂದ ನೋಡಿದರೆ ಹೂವಿದೆಯೆಂದು ಗೊತ್ತೂ ಆಗುವುದಿಲ್ಲ. ಹತ್ತಿರ ಹೋದರೆ ಎಲೆ ಇಲ್ಲದ ಹಳೆಯ ಕೊಂಬೆಗೇ ಅಂಟಿಕೊಂಡು ಗುಂಡು ಮೊಗ್ಗುಗಳು ಗೊಂಚಲು ಗೊಂಚಲಾಗಿ ಕೂತಿರುತ್ತವೆ. ಒಡೆದರೆ ಬಿಳಿ ಎಸಳು, ನಡುವೆ ಹಳದಿ ಕೇಸರದ ಪುಟ್ಟ ಪೊದೆ. ಪರಿಮಳಕ್ಕೆ ಜೇನುಹುಳುಗಳು ಮುತ್ತುವುದರಿಂದ ಅರಳುವ ಮೊದಲೇ, ಬೆಳಕು ಹರಿಯುವ ಹೊತ್ತಿಗೆ ಮೊಗ್ಗು ಕೊಯ್ಯಬೇಕು. ಕೆಳಗೆ ಚಾಪೆಯನ್ನೋ ಹಳೆಯ ಸೀರೆಯನ್ನೋ ಹಾಸಿ, ಮರ ಹತ್ತಿದವರು ಉದುರಿಸಿದ್ದನ್ನು ಹೆಕ್ಕಿ ಹಾಳೆ ಕೊಟ್ಟೆಗೆ ತುಂಬುತ್ತೇವೆ. ಅಡಿಕೆ ಮರದಿಂದ ತಾನಾಗಿ ಉದುರಿದ ಹಾಳೆಯನ್ನು ನೆನೆಸಿ, ಎರಡು ತುದಿ ಮಡಚಿ ಕಟ್ಟಿದರೆ ಆಯಿತು ಕೊಟ್ಟೆ. ಹೂವಿಗೆ ಅದಕ್ಕಿಂತ ತಂಪಾದ ಪಾತ್ರೆಯಿಲ್ಲ. ಮಕ್ಕಳಿಗೂ ಇದನ್ನು ಕಲಿಸಬಹುದು, ಕತ್ತರಿ ಕೂಡ ಬೇಡ.

ಸುರಗಿ ದಂಡೆಯ (ಕಟ್ಟಿದ ಮಾಲೆಯ) ವಿಶೇಷವೆಂದರೆ ಅದರ ಪರಿಮಳ ಒಣಗಿದರೂ ಹೋಗುವುದಿಲ್ಲ. ಮಲ್ಲಿಗೆಯ ಆಯುಷ್ಯ ಒಂದು ರಾತ್ರಿ, ಸಂಪಿಗೆ ಮಾರನೆ ದಿನಕ್ಕೆ ಕಂದುತ್ತದೆ. ಸುರಗಿಯನ್ನು ಮಾತ್ರ ಮುಡಿದು, ತೆಗೆದು, ನೆರಳಿನಲ್ಲಿ ಒಣಗಿಸಿ ಸೀರೆಗಳ ಮಡಿಕೆಯಲ್ಲಿ ಇಡುತ್ತಾರೆ. ಆಯಿಯ (ಅಮ್ಮನ) ಟ್ರಂಕು ತೆರೆದರೆ ಈಗಲೂ ಮೊದಲು ಬರುವುದು ಅದೇ ವಾಸನೆ: ಸ್ವಲ್ಪ ಜೇನು, ಸ್ವಲ್ಪ ಒಣಹುಲ್ಲು, ಹಿಂದೆ ಎಲ್ಲೋ ಒಂದು ಸಿಹಿ ಮಸಾಲೆ. ಮಳೆಗಾಲದಲ್ಲಿ ಬಟ್ಟೆಗೆ ಬರುವ ಮುಗ್ಗಲು ವಾಸನೆಯನ್ನು ತಡೆಯಲು ನಮ್ಮ ಹಿರಿಯರು ಕಂಡುಕೊಂಡ ಉಪಾಯ ಇದು. ರಂಜದ ಹೂವಿಗೂ ಈ ಗುಣವಿದೆ, ಅದನ್ನು ನೆಲದಿಂದ ಹೆಕ್ಕಿ ಪೋಣಿಸುವುದು ಇನ್ನೂ ಸುಲಭ, ನಡುವೆ ತೂತು ದೇವರೇ ಮಾಡಿಟ್ಟಿದ್ದಾನೆ.

ಮಲ್ಲಿಗೆಯ ಮಾತಿಗೆ ಬಂದರೆ ಕರಾವಳಿಯವರ ಮುಂದೆ ನಾವು ತಲೆಬಾಗಬೇಕು. ಭಟ್ಕಳ ಮಲ್ಲಿಗೆ ನಮ್ಮ ಜಿಲ್ಲೆಯದೇ. ಉಡುಪಿ ಹತ್ತಿರದ ಶಂಕರಪುರದ ಮಲ್ಲಿಗೆಗಂತೂ ಅದರದ್ದೇ ಲೆಕ್ಕ, ಅದರದ್ದೇ ದರ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದು ಅಟ್ಟೆಯೆಂದರೆ 3200 ಮೊಗ್ಗು, ಅಷ್ಟನ್ನೂ ಒಂದೊಂದಾಗಿ ಕೊಯ್ದು, ಒಂದೊಂದಾಗಿ ಕಟ್ಟಿರುತ್ತಾರೆ. ಮದುವೆಗೆ ಅಟ್ಟೆ ಮಲ್ಲಿಗೆ ಮುಡಿದು ಕೂತ ಮದುಮಗಳನ್ನು ನೋಡುವಾಗ ನನಗೆ ಬೆಳಗಿನ ಜಾವ ಗಿಡದ ಬುಡದಲ್ಲಿ ಬಗ್ಗಿ ನಿಂತ ಹೆಂಗಸರ ನೆನಪಾಗುತ್ತದೆ. ಉಡುಪಿ, ಮೈಸೂರು, ಹಡಗಲಿ ಮೂರೂ ಮಲ್ಲಿಗೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆ ಹೆಸರಿನ ಹಿಂದೆ ಇರುವುದು ಈ ಬೆರಳುಗಳ ಕೆಲಸ.

ನಮ್ಮ ಹಿತ್ತಿಲಿನಲ್ಲಿರುವುದು ನಾಲ್ಕಾರು ಗಿಡ, ಮನೆಯ ದೇವರಿಗೂ ನಮಗೂ ಸಾಕು. ಡಿಸೆಂಬರ್ ಕೊನೆಯ ಹೊತ್ತಿಗೆ ಅವುಗಳನ್ನು ನಿರ್ದಾಕ್ಷಿಣ್ಯವಾಗಿ ಸವರುತ್ತೇನೆ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಹಳೆ ಕಡ್ಡಿಯ ಮೇಲೆ ಮಮತೆ ಇಟ್ಟರೆ ಎಲೆ ಮಾತ್ರ ಉಳಿಯುತ್ತದೆ. ಸವರಿದ ಮೇಲೆ ಬುಡ ಬಿಡಿಸಿ, ಹಟ್ಟಿಗೊಬ್ಬರ ಹಾಕಿ, ನೀರು ತಪ್ಪದಂತೆ ನೋಡಿಕೊಂಡರೆ ಮಾರ್ಚ್ ಹೊತ್ತಿಗೆ ಮೊಗ್ಗು. ಬೆಂಗಳೂರಿನ ಬಾಲ್ಕನಿಯಲ್ಲಿ ಮಲ್ಲಿಗೆ ಹೂ ಬಿಡುತ್ತಿಲ್ಲ ಎನ್ನುವವರಿಗೆ ನಾನು ಕೇಳುವುದು ಎರಡೇ: ದಿನಕ್ಕೆ ಐದಾರು ತಾಸು ನೇರ ಬಿಸಿಲು ಬೀಳುತ್ತದೆಯೇ, ಕತ್ತರಿ ಹಾಕಿದ್ದೀರಾ? ಹೂ ಮುಗಿದ ತುದಿಯನ್ನೂ ಆಗಾಗ ಚಿವುಟುತ್ತಿದ್ದರೆ ಮಳೆ ಹಿಡಿಯುವವರೆಗೂ ಹೂ ಸಿಗುತ್ತದೆ.

ಕಟ್ಟುವುದಕ್ಕೆ ದಾರಕ್ಕಿಂತ ಬಾಳೆನಾರು ಒಳ್ಳೆಯದು. ಒಣಗಿದ ಬಾಳೆಪಟ್ಟೆಯನ್ನು ನೀರಲ್ಲಿ ನೆನೆಸಿ ಉಗುರಿನಿಂದ ಸಣ್ಣಗೆ ಸೀಳಿದರೆ ಮೆತ್ತಗಿನ ನಾರು ಬರುತ್ತದೆ. ಅದು ಹೂವಿನ ತೊಟ್ಟನ್ನು ಕತ್ತರಿಸುವುದಿಲ್ಲ, ಒದ್ದೆ ಹಿಡಿದಿಟ್ಟುಕೊಂಡು ಹೂವನ್ನು ತಂಪಾಗಿಡುತ್ತದೆ. ನಾರಿನ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕೂರಬೇಕು. ಎರಡು ಮೊಗ್ಗು ಎಡಕ್ಕೆ ಮುಖ ಮಾಡಿ, ಎರಡು ಬಲಕ್ಕೆ, ತೊಟ್ಟುಗಳು ನಡುವೆ ಒಂದರ ಮೇಲೊಂದು. ನಾರನ್ನು ಅವುಗಳ ಮೇಲೆ ಒಂದು ಸುತ್ತು ತಂದು, ಬೆರಳ ಮೇಲೆ ಕುಣಿಕೆ ಮಾಡಿ, ತೊಟ್ಟಿನ ಕೆಳಗೆ ಜಾರಿಸಿ ಎಳೆಯಬೇಕು. ಎಳೆಯುವ ಹದವೇ ಇಲ್ಲಿನ ವಿದ್ಯೆ. "ಬಿಗಿ ಎಳೆಯಡ ತಂಗಿ, ತೊಟ್ಟು ಮುರಿತು" ಎಂದು ಆಯಿ ಈಗ ನನ್ನ ಮಗಳಿಗೆ ಹೇಳುತ್ತಾಳೆ, ನನಗೆ ಹೇಳುತ್ತಿದ್ದ ಅದೇ ಧಾಟಿಯಲ್ಲಿ. ಸಡಿಲವಾದರೆ ಹೂ ಜಾರುತ್ತದೆ. ನಡುವೆ ಒಂದೆರಡು ಅಬ್ಬಲಿಗೆ (ಕನಕಾಂಬರ), ಒಂದು ಎಸಳು ಪಚ್ಚೆತೆನೆ ಸೇರಿಸಿದರೆ ಬಣ್ಣವೂ ಬಂತು, ಮಲ್ಲಿಗೆಯ ಸಿಹಿಗೆ ಒಂದು ಹಸಿರು ಘಾಟೂ ಸೇರಿತು. ಮಧ್ಯಾಹ್ನ ಕಟ್ಟಿಟ್ಟ ಮೊಗ್ಗು ಬಾಳೆಲೆಯ ಒಳಗೆ ಬಾಯಿ ಮುಚ್ಚಿಕೊಂಡೇ ಇರುತ್ತದೆ. ಕತ್ತಲಾಗುತ್ತ ಬಂದಂತೆ ಅರಳುತ್ತದೆ. ಹೂವಿನ ಉದ್ದೇಶ ರಾತ್ರಿಯ ಪತಂಗಗಳನ್ನು ಕರೆಯುವುದು. ಆ ಕರೆಯನ್ನು ನಾವು ಜಡೆಗೆ ಕಟ್ಟಿಕೊಂಡು ಓಡಾಡುತ್ತೇವೆ.

ಬೆಂಗಳೂರಿನಲ್ಲಿರುವ ತಮ್ಮನ ಮನೆಗೆ ಹೋದಾಗ ಇನ್ನೊಂದು ವಸಂತ ಕಾಣುತ್ತದೆ. 1908ರಲ್ಲಿ ಅಲ್ಲಿಗೆ ಬಂದ ಜರ್ಮನಿಯ ತೋಟಗಾರ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ವರ್ಷದ ಯಾವ ಕಾಲಕ್ಕೂ ಯಾವುದಾದರೂ ರಸ್ತೆ ಹೂಬಿಟ್ಟಿರಬೇಕೆಂದು ಯೋಚಿಸಿ ಸಾಲುಮರ ನೆಡಿಸಿದರು. ಟಬೂಬಿಯಾದ ಗುಲಾಬಿ ಬಣ್ಣ, ಜಕರಂದದ ನೀಲಿ ನೋಡಿ ನಾನೂ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿದವಳೇ. ಅಮೆರಿಕ ಖಂಡದಿಂದ ಬಂದ ಆ ಮರಗಳು ಊರಿಗೆ ಕೊಟ್ಟಿರುವ ಚೆಲುವು ದೊಡ್ಡದು. ಆದರೂ ಅವುಗಳ ಕೆಳಗೆ ನಿಂತಾಗ ನನ್ನ ಕೈಗೆ ಏನೂ ತೋಚುವುದಿಲ್ಲ. ಆ ಹೂವಿಗೆ ದಂಡೆಯಿಲ್ಲ, ತಂಬುಳಿಯಿಲ್ಲ, ಉಪ್ಪಿನಕಾಯಿಯಿಲ್ಲ. ಅದೇ ರಸ್ತೆಯ ಹೊಂಗೆ ಮರದ ಎಳೆ ಚಿಗುರು ಕಂಡರೆ ನಾನು ಅಲ್ಲಿಯೇ ನಿಲ್ಲುತ್ತೇನೆ. ಅದರ ಹೆಸರು, ಅದರ ನೆರಳು, ಅದರ ಎಣ್ಣೆ ಎಲ್ಲವೂ ಗೊತ್ತಿರುವುದರಿಂದ ಇರಬೇಕು.

ಅಡುಗೆಮನೆಯಲ್ಲಿ ವಸಂತ ಚಿಗುರಿನಿಂದ ಶುರುವಾಗುತ್ತದೆ. ಪೇರಳೆ ಕುಡಿ, ನೇರಳೆ ಕುಡಿ, ದಾಳಿಂಬೆ ಕುಡಿ, ಒಂದೊಂದರಿಂದ ನಾಲ್ಕೈದು ತುದಿ. ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಕಾಯಿತುರಿ ಸೇರಿಸಿ ನುಣ್ಣಗೆ ಬೀಸಿ, ಕಡೆದ ಮಜ್ಜಿಗೆಗೆ ಬೆರೆಸಿದರೆ ಕುಡಿ ತಂಬುಳಿ. ಕುದಿಸುವ ಕೆಲಸವಿಲ್ಲ. ಚಿಗುರಿನ ಒಗರು ಮಜ್ಜಿಗೆಯಲ್ಲಿ ಮೆತ್ತಗಾಗಿ, ಬಿಸಿಲಿಗೆ ಸೊರಗಿದ ನಾಲಿಗೆಗೆ ಅನ್ನ ಸೇರುತ್ತದೆ. ಯುಗಾದಿಯ ಬೇವಿಗೆ ಮಾತ್ರ ನಮಗೆ ಸ್ವಲ್ಪ ಪರದಾಟ. ಘಟ್ಟದ ಮಳೆಯಲ್ಲಿ ಬೇವು ಚೆನ್ನಾಗಿ ಬರುವುದಿಲ್ಲ, ಹಾವೇರಿ ಕಡೆಯಿಂದ ಬರುವ ಯಾರಿಗಾದರೂ ಹೇಳಿ ಹೂವಿನ ಸಮೇತ ಒಂದು ಟೊಂಗೆ ತರಿಸಿಕೊಳ್ಳುತ್ತೇವೆ. ಬಯಲುಸೀಮೆಯವರು ಬಾಗಿಲ ಮುಂದಿನ ಮರದಿಂದ ಕೈಚಾಚಿ ಕೀಳುವುದು ನಮಗೆ ಬಸ್ಸಿನಲ್ಲಿ ಬರುತ್ತದೆ. ಅದಕ್ಕೇ ಇರಬಹುದು, ನಮ್ಮಲ್ಲಿ ಯಾರೂ ಬೇವು ತಿನ್ನುವಾಗ ಮುಖ ಕಿವುಚುವುದಿಲ್ಲ.

ಇನ್ನು ಅಪ್ಪೆಮಿಡಿ. ಇದರ ಬಗ್ಗೆ ಬರೆಯಲು ಕೂತರೆ ನನಗೆ ಬೇರೆ ಎಲ್ಲವೂ ಪೀಠಿಕೆ ಅನ್ನಿಸುತ್ತದೆ. ಅಘನಾಶಿನಿ, ಶರಾವತಿ, ವರದಾ ಹೊಳೆಗಳ ದಂಡೆಯಲ್ಲಿ, ಹಳ್ಳದ ಅಂಚುಗಳಲ್ಲಿ ತಾವಾಗಿ ಹುಟ್ಟಿದ ಕಾಡುಮಾವು. ಹಣ್ಣಿಗೆ ಯಾರೂ ಕಾಯುವುದಿಲ್ಲ. ಗೊರಟು ಗಟ್ಟಿಯಾಗುವ ಮೊದಲಿನ ಮಿಡಿಗೇ ಬೆಲೆ, ಅದರಲ್ಲೂ ಮಿಡಿಯ ಸೋನೆಗೆ. ತೊಟ್ಟು ಮುರಿದಾಗ ಚಿಮ್ಮುವ ಆ ಸೋನೆಯಲ್ಲಿ ಒಂದೊಂದು ಮರದ್ದು ಒಂದೊಂದು ಪರಿಮಳ. ಒಂದರಲ್ಲಿ ಜೀರಿಗೆ, ಇನ್ನೊಂದರಲ್ಲಿ ಕರ್ಪೂರ. ಮಿಡಿ ಕೊಳ್ಳಲು ಹೋದ ಹಿರಿಯರು ಒಂದನ್ನು ಎತ್ತಿ, ತೊಟ್ಟು ಮುರಿದು, ಮೂಗಿಗೆ ಹಿಡಿದು, ಆಮೇಲೆ ಬೆಲೆ ಕೇಳುತ್ತಾರೆ. ಅಪ್ಪೆಮಿಡಿಗೂ ಭೌಗೋಳಿಕ ಸೂಚಕ ಸಿಕ್ಕಿದೆ. ಬೆಂಗಳೂರು ಬಳಿಯ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದರ ತಳಿಗಳನ್ನು ಸಂಗ್ರಹಿಸಿದೆ.

ಆದರೆ ಮಿಡಿ ಸಿಗುವುದೇ ಮೋಡದ ಮರ್ಜಿಯ ಮೇಲೆ. ಮಾವಿನ ಒಂದು ಹೂಗೊಂಚಲಲ್ಲಿ ಸಾವಿರಗಟ್ಟಲೆ ಹೂ, ಬಹುಪಾಲು ಗಂಡು ಹೂ. ಕಾಯಿ ಕಟ್ಟುವುದು ಬೆರಳೆಣಿಕೆಯಷ್ಟು. ಹೂವಿನ ಹೊತ್ತಿಗೆ ಮೋಡ ಕವಿದು ಇಬ್ಬನಿ ಹೆಚ್ಚಾದರೆ ಬೂದಿರೋಗ, ಜಿಗಿಹುಳು ಬಂದು ಗೊಂಚಲೇ ಕಪ್ಪಾಗುತ್ತದೆ. ಹೂ ತುಂಬಿದ ಮರ ನೋಡಿ ಹಿಗ್ಗಿದವರು ಮಾರ್ಚ್‌ನಲ್ಲಿ ಬರಿಗೈಲಿ ನಿಂತದ್ದಿದೆ.

ಮಿಡಿಯನ್ನು ನೂರರ ಲೆಕ್ಕದಲ್ಲಿ ಮಾರುತ್ತಾರೆ. ಮನೆಗೆ ತಂದ ದಿನವೇ ಆರಿಸಬೇಕು. ನೆಲಕ್ಕೆ ಬಿದ್ದು ಪೆಟ್ಟಾದದ್ದು, ತೊಟ್ಟು ಕಳಚಿದ್ದು ಬೇರೆ, ಅವು ಭರಣಿಗೆ ಹೋದರೆ ಮೆತ್ತಗಾಗಿ ಉಳಿದವನ್ನೂ ಕೆಡಿಸುತ್ತವೆ. ಅವು ಅವತ್ತೇ ಅಪ್ಪೆಹುಳಿಗೆ. ಒಳ್ಳೆಯ ಮಿಡಿಗೆ ಒಂದು ಸಣ್ಣ ತೊಟ್ಟು ಉಳಿಸಿ, ತೊಳೆದು, ಬಟ್ಟೆಯಲ್ಲಿ ಒರೆಸಿ, ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು ಎಂದು ತುಂಬುತ್ತೇವೆ. ತೊಟ್ಟು ಮುರಿಯುವಾಗ ಸಿಡಿಯುವ ಸೋನೆಯನ್ನು ಚೆಲ್ಲಬಾರದು, ಭರಣಿಯ ಉಪ್ಪಿಗೇ ಬೀಳಬೇಕು. ಮುಖಕ್ಕೆ ಸಿಡಿದರೆ ಸುಡುತ್ತದೆ, ಜೋಪಾನ. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಿಂದ ಮೇಲೆ ಕೆಳಗೆ ಮಾಡುತ್ತ ಹೋದರೆ ಉಪ್ಪು ನೀರಾಗಿ, ಮಿಡಿಗಳು ಮುದುಡಿ ಚಿರುಟುತ್ತವೆ. ಎರಡು ಮೂರು ವಾರಕ್ಕೆ ಹಸಿರು ಹೋಗಿ ಆಲಿವ್ ಬಣ್ಣ ಬಂದಿರುತ್ತದೆ. ಆಗ ಮಿಡಿ ತೆಗೆದು, ಆ ಉಪ್ಪುನೀರನ್ನು ಕುದಿಸಿ ಪೂರ್ತಿ ಆರಿಸಿ, ಅದರಲ್ಲೇ ಸಾಸಿವೆ, ಒಣಮೆಣಸು, ಅರಿಶಿನ ಬೀಸಿ ಮಿಡಿಗೆ ಕಲಸುತ್ತೇವೆ. ಒಂದು ಹನಿ ಹಸಿ ನೀರು ತಾಗಕೂಡದು. ಇದಿಷ್ಟೇ. ವಿನೆಗರ್ ಇಲ್ಲ, ಎಣ್ಣೆ ಇಲ್ಲ, ಆದರೂ ಸರಿಯಾಗಿ ಹಾಕಿದ ಮಿಡಿ ವರ್ಷಗಟ್ಟಲೆ ಕಚ್ಚಿದರೆ ಕಟಕ್ ಎನ್ನುತ್ತದೆ.

ಅಪ್ಪೆಹುಳಿಗೆ ಇಷ್ಟೂ ತಾಳ್ಮೆ ಬೇಡ. ಮಾವಿನಕಾಯಿ ಬೇಯಿಸಿ, ಕಿವುಚಿ, ಬೇಕಾದಷ್ಟು ನೀರು, ಉಪ್ಪು, ಹಸಿಮೆಣಸು ಹಾಕಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ ಕೊಟ್ಟರೆ ಮುಗಿಯಿತು. ನೀರಿನಷ್ಟು ತೆಳ್ಳಗಿರಬೇಕು. ಊಟದ ಕೊನೆಗೆ ಲೋಟದಲ್ಲಿ ಕುಡಿದವರಿಗೆ ಮಧ್ಯಾಹ್ನ ನಿದ್ದೆ ಖಾತ್ರಿ ಎಂದು ಊರಿಡೀ ನಂಬಿಕೆ, ನನ್ನ ಅನುಭವವೂ ಅದೇ.

ಏಪ್ರಿಲ್‌ಗೆ ಹಲಸು ಬೆಳೆಯುತ್ತದೆ, ಅಂಗಳಕ್ಕೆ ಮತ್ತೆ ಕೆಲಸ. ಹಪ್ಪಳ ಒಬ್ಬರ ಕೈಯಲ್ಲಿ ಆಗುವುದಿಲ್ಲ, ಅದಕ್ಕೇ ನನಗೆ ಅದು ಇಷ್ಟ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕಾಯಿ ಕೊಯ್ಯುವವರೊಬ್ಬರು, ತೊಳೆ ಬಿಡಿಸುವವರು ಇಬ್ಬರು, ಹಬೆಯಲ್ಲಿ ಬೆಂದದ್ದನ್ನು ಬಿಸಿಯಿರುವಾಗಲೇ ಒರಳಲ್ಲಿ ಕುಟ್ಟಲು ಗಟ್ಟಿ ರಟ್ಟೆಯವರು. ಉಪ್ಪು, ಮೆಣಸು, ಜೀರಿಗೆ ಸೇರಿದ ಹಿಟ್ಟನ್ನು ಉಂಡೆ ಮಾಡುವುದು ಮಕ್ಕಳ ಕೆಲಸ, ಮೂರರಲ್ಲಿ ಒಂದು ಉಂಡೆ ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಬಾಯಿಗೇ ಹೋಗುತ್ತದೆ, ಯಾರೂ ಬೈಯುವುದಿಲ್ಲ. ಉಂಡೆಯನ್ನು ಎರಡು ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತಿ, ಚಾಪೆಯ ಮೇಲೆ ಸಾಲಾಗಿ ಬಿಡಿಸುತ್ತಾರೆ. ಅಂಚು ತಾನಾಗಿ ಏಳುವ ಹೊತ್ತಿಗೆ ಮಗುಚಬೇಕು. ಗರಿಗರಿಯಾದ ಮೇಲೆ ಎಣಿಸಿ, ಬಾಳೆನಾರಿನಲ್ಲಿ ನೂರರ ಕಟ್ಟು ಕಟ್ಟಿ ಡಬ್ಬಿಗೆ. ನಮ್ಮ ಕೇರಿಯಲ್ಲಿ ಇವತ್ತು ಒಂದು ಮನೆಯ ಹಪ್ಪಳವಾದರೆ ನಾಳೆ ಇನ್ನೊಂದು ಮನೆಯದು. ಮದುವೆ, ಉಪನಯನ, ಮಕ್ಕಳ ಪರೀಕ್ಷೆ, ಎರಡು ವರ್ಷಕ್ಕೊಮ್ಮೆಯ ಮಾರಿಕಾಂಬೆ ಜಾತ್ರೆಯ ಅಂಗಡಿ ಸುತ್ತಿದ ಕತೆ ಎಲ್ಲವೂ ಒರಳಿನ ಸುತ್ತ ಕುಟ್ಟಿಸಿಕೊಳ್ಳುತ್ತವೆ. ಅಂಗಡಿಯ ಹಪ್ಪಳವೂ ರುಚಿಯಾಗಿರುತ್ತದೆ, ಹೋಂಸ್ಟೇ, ಮಹಿಳಾ ಸಂಘಗಳು ಚೆನ್ನಾಗಿಯೇ ಮಾಡುತ್ತಿವೆ. ಆದರೆ ಆ ಮಧ್ಯಾಹ್ನಗಳು ಡಬ್ಬಿಯಲ್ಲಿ ಸಿಗುವುದಿಲ್ಲ.

ನನ್ನನ್ನು ಕಾಡುವ ಮಾತೊಂದಿದೆ. ಮಿಡಿಗೆ ಬೆಲೆ ಬಂದ ಮೇಲೆ ಕೆಲವು ಕಡೆ ಕೊಯ್ಯುವ ತಾಳ್ಮೆಯಿಲ್ಲದೆ ಟೊಂಗೆಯನ್ನೇ ಕಡಿದು ಇಳಿಸುತ್ತಾರೆ. ಹೊಳೆದಂಡೆಯ ಮರ ಯಾರದ್ದೂ ಅಲ್ಲ ಎಂಬ ಧೈರ್ಯ. ಟೊಂಗೆ ಹೋದರೆ ಅಲ್ಲಿ ಮತ್ತೆ ಹೂ ಬರಲು ವರ್ಷಗಳು ಬೇಕು, ಮರವೇ ಸತ್ತರೆ ಆ ಪರಿಮಳ ಜಗತ್ತಿನಲ್ಲಿ ಇನ್ನೆಲ್ಲೂ ಇರುವುದಿಲ್ಲ, ಯಾಕೆಂದರೆ ಬೀಜದಿಂದ ಹುಟ್ಟಿದ ಪ್ರತಿ ಮರವೂ ಬೇರೆಯೇ ಮರ. ಅದೇ ಪರಿಮಳ ಉಳಿಯಲು ಆ ಮರದ ಕಡ್ಡಿಯನ್ನೇ ಕಸಿ ಕಟ್ಟಬೇಕು. ಸುರಗಿಗೂ ಇದೇ ಗತಿ: ಒಣಮೊಗ್ಗಿಗೆ ವ್ಯಾಪಾರಿಗಳಿದ್ದಾರೆ, ಅವಸರಕ್ಕೆ ಕೊಂಬೆ ಬಲಿಯಾಗುತ್ತದೆ. ಮಿಡಿ ಕೊಳ್ಳುವಾಗ ನಾನು ಈಗ ಸೋನೆಯ ಪರಿಮಳದ ಜೊತೆಗೆ ಇನ್ನೊಂದನ್ನೂ ಕೇಳುತ್ತೇನೆ, ಹೇಗೆ ಕೊಯ್ದಿರಿ ಎಂದು. ಮರ ಹತ್ತಿ, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಿದವರ ಮಿಡಿಗೆ ನೂರಕ್ಕೆ ಸ್ವಲ್ಪ ಹೆಚ್ಚೇ ಕೊಡಬೇಕಾಗುತ್ತದೆ. ಕೊಡುತ್ತೇನೆ, ನೀವೂ ಕೊಡಿ. ಜೀವ ಒತ್ತೆಯಿಟ್ಟು ಹತ್ತಿದವರಿಗೆ ಅದು ದೊಡ್ಡ ಮಾತೇನಲ್ಲ.

ಹಿತ್ತಿಲ ಬದಿಯಲ್ಲಿ ನೆಟ್ಟ ಜೀರಿಗೆ ಮಿಡಿಯ ಕಸಿಗಿಡ ಈ ವರ್ಷ ಸೊಂಟದೆತ್ತರ ಬಂದು ಹೂ ಬಿಟ್ಟಿತು. ಕಸಿಗಿಡ ಎಳೆಯದಿರುವಾಗ ಬಂದ ಹೂ ಉಳಿಸಿಕೊಂಡರೆ ಬೆಳವಣಿಗೆ ಕುಂಠಿತವಾಗುತ್ತದೆ, ಮೊದಲ ಎರಡು ಮೂರು ವರ್ಷ ಚಿವುಟಿಬಿಡಬೇಕು. ಗೊಂಚಲು ತೆಗೆಯುವಾಗ ಮಗಳಿಗೆ ಬೇಸರವಾಯಿತು. ಅವಳ ಕೈಯಲ್ಲೇ ಬುಡಕ್ಕೆ ಒಣ ಅಡಿಕೆ ಸೋಗೆಯ ಮುಚ್ಚಿಗೆ ಹಾಕಿಸಿ, ಎರಡು ಕೊಡ ನೀರು ಹೊಯ್ಯಿಸಿದೆ.